ನಾನೂರ ಹನ್ನೆರಡನೆಯ ಸಾಲು

ಧೊಪ್, ಮತ್ತೆ ಛಾವಣಿಯಿಂದ ಹಿಮ ಜಾರಿತು, ಮಾರ್ಚ್ ಬಂದರೆ ಹೀಗೇ, ಮಧ್ಯಾಹ್ನದ ಬಿಸಿಲಿಗೆ ಇಡೀ ಹ್ಯಾಂಕಾಕ್ ಊರೇ ಧೊಪ್ ಧೊಪ್ ಎನ್ನುತ್ತದೆ, ಮೇಜಿನ ಮೇಲಿನ ಕಾಫಿ ನಡುಗುತ್ತದೆ, ಆರಿಹೋದ ಕಾಫಿ, ಪರದೆಯ ಮೇಲೆ ಮಾತ್ರ ಅದೇ ಸಾಲು, ಇಲ್ಲ, ಒಳಗೆ ಬಿಡುವುದಿಲ್ಲ, ಯಾಕೆ ಬಿಡುವುದಿಲ್ಲವೋ ಮಹಾರಾಯ, ನಾನು ಇರ್ಯಾ ಕಣೋ, ಎಂಟು ವರ್ಷದಿಂದ ಈ ಊರಿನ ನಾನೂರು ಮನೆಗಳಿಗೆ ಫೋನ್ ಲೈನಿನ ಮೇಲೆ ಇಂಟರ್ನೆಟ್ ಕೊಡುತ್ತಿರುವವಳು, ನನ್ನ ಹೆಸರು, ನನ್ನ ಪಾಸ್‌ವರ್ಡ್ ಕೊಟ್ಟರೆ ನನ್ನನ್ನೇ ಹೊರಗೆ ನಿಲ್ಲಿಸುತ್ತೀಯಲ್ಲ — ಹಳೆಯ ಫೈಲಿನ ಹೆಸರುಗಳನ್ನು ಹೊಸ ಡೇಟಾಬೇಸಿಗೆ ಹಾಕಿದ್ದೇನೆ, ಅದರಲ್ಲಿ ನಾನಿದ್ದೇನೆ, ಕಣ್ಣಾರೆ ನೋಡಿದ್ದೇನೆ, ಆದರೆ ಈ ಲಾಗಿನ್ ಸರ್ವರ್ ಅಲ್ಲಿಗೆ ಹೋಗಿ ವಿಚಾರಿಸಿದರೆ ತಾನೇ — ಅಯ್ಯೋ ನನ್ನ ಬುದ್ಧಿಗಿಷ್ಟು, ಸೆಟ್ಟಿಂಗ್ ಫೈಲಿನಲ್ಲಿ ಡೇಟಾಬೇಸನ್ನು ಕೇಳು ಎನ್ನುವ ಸಾಲಿನ ಮುಂದೆ # ಗುರುತು ಹಾಗೇ ಕೂತಿದೆ, ಅದಿದ್ದರೆ ಯಂತ್ರ ಆ ಸಾಲನ್ನು ಓದುವುದೇ ಇಲ್ಲ, ತೆಗೆದೆ, ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದೆ, ಇರ್ಯಾ, ಹೌದು. ಸದ್ಯ. ಕೆಳಗಿನ ಹಾರ್ಡ್‌ವೇರ್ ಅಂಗಡಿಯಿಂದ ಗಾರ್ತ್ ಕೂಗುತ್ತಾನೆ, ಈ ಕಟ್ಟಡದ ಮಾಲೀಕ, ನನಗೆ ಸಂಬಳ ಕೊಡುವವನು, ಏನಮ್ಮಾ ಇರ್ಯಾ, ಆಯ್ತಾ ಇಲ್ವಾ, ಮಕ್ಕಳು ಸ್ಕೂಲ್ ಬಿಟ್ಟು ಬಂದು ಮೋಡೆಮ್ಮಲ್ಲಿ ನಂಬರ್ ತಿರುಗಿಸ್ತಾರೆ, ಆಮೇಲೆ ಬೈಸ್ಕೊಳ್ಳೋನು ನಾನು. ಆಯ್ತು ಮಾರಾಯ, ನೀನು ಮೊಳೆ ಮಾರು ಹೋಗು.

ಆ # ಗುರುತನ್ನು ನೋಡಿದರೆ ರೇನೊ ನೆನಪಾಗದೆ ಇನ್ನೇನಾಗುತ್ತದೆ, ಹಳೆಯ ಫೈಲನ್ನು ಬರೆದವನೇ ಅವನು, ಎಲ್ಲ ಗಿರಾಕಿಗಳ ಹೆಸರೂ ಪಾಸ್‌ವರ್ಡೂ ಒಂದರ ಕೆಳಗೊಂದು, ಪ್ರತಿ ಹೆಸರಿನ ಮೇಲೆ # ಹಾಕಿ ಒಂದು ಮಾತು, ಯಂತ್ರಕ್ಕಲ್ಲ, ಎದುರು ಮೇಜಿನ ನನಗೆ. ಲೆಂಪಿ ಅಜ್ಜಿ — ಮೊದಲು ನಾಯಿ ಹೇಗಿದೆ ಕೇಳು, ಆಮೇಲೆ ಪಾಸ್‌ವರ್ಡ್. ಪಾಸ್ಟರ್ ಹೆಕ್ಕಿಲಾ — ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಚೆಸ್ ಆಡ್ತಾನೆ, ಹೆಂಡತಿಗೆ ಹೇಳ್ಬೇಡ. ನನ್ನ ಹೆಸರಿನ ಮೇಲೂ ಇದೆ, ಇರ್ಯಾ — ಸಿಟ್ಟಲ್ಲಿದ್ರೆ ಏಲಕ್ಕಿ ಬ್ರೆಡ್ ಕೊಡು, ಮಾತಾಡ್ಬೇಡ. ಕೊಡುತ್ತಿದ್ದ, ಅವನ ಅಕ್ಕ ಮಾಡಿದ್ದು, ಮೇಲೆ ಸಕ್ಕರೆ, ಕೀಲಿಮಣೆಯ ತುಂಬ ಸಕ್ಕರೆ, ಬೈದರೆ ನಗು, ಎರಡು ಮೇಜು ಕೂಡಿಸಿದಷ್ಟು ಜಾಗದಲ್ಲಿ ಏಳು ವರ್ಷ ಎದುರುಬದುರು ಕೂತೆವು, ಒಂದು ದಿನವಾದರೂ ಮುಖ ಕೊಟ್ಟು ಮಾತಾಡಿದೆನೇ ನಾನು, ಪರದೆ ನೋಡಿಕೊಂಡೇ ಮಾತು — ಆಗಸ್ಟಿನಲ್ಲಿ ದೂರದ ಡುಲೂತ್ ಊರಿನಿಂದ ಫೋನು ಬಂತು, ಅವನ ಅಣ್ಣನಿಗೆ ಹುಷಾರಿಲ್ಲ, ದೋಣಿ ರಿಪೇರಿ ಅಂಗಡಿ ನೋಡಿಕೊಳ್ಳುವವರಿಲ್ಲ, ಬಾಗಿಲಲ್ಲಿ ಟೋಪಿ ತಿರುಗಿಸುತ್ತಾ ನಿಂತ, ನೀನೂ ಬರ್ತೀಯಾ ಇರ್ಯಾ. ಏನಂದೆ ನಾನು? ಸರ್ವರ್ ಯಾರು ನೋಡ್ಕೊಳ್ಳೋದು, ಅಂದೆ. ನಗುತ್ತಾ ಅಂದೆ, ತಮಾಷೆ ಅಂದುಕೊಂಡೆ, ಐವತ್ತು ದಾಟಿದ ಹೆಂಗಸನ್ನು ಯಾರು ನಿಜವಾಗಿ ಕೇಳುತ್ತಾರೆ ಅಂದುಕೊಂಡೆ, ಅವನೂ ನಕ್ಕ, ಹೌದಲ್ಲ ಅಂದ, ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ಪ್ರತಿ ಮೆಟ್ಟಿಲಿನ ಸದ್ದು ಕೇಳಿಸಿತು, ಹದಿನಾಲ್ಕು, ನಾನು ಏಳಲಿಲ್ಲ. ಏಳು ತಿಂಗಳಾಯಿತು, ಒಂದು ಪೋಸ್ಟ್‌ಕಾರ್ಡು, ಅದರಲ್ಲಿ ಹವಾಮಾನ.

ಈಗ ಡೇಟಾಬೇಸ್ ಬಂದಿದೆ, ಅದರ ಕೋಷ್ಟಕದಲ್ಲಿ ಹೆಸರಿಗೆ ಜಾಗವಿದೆ, ಪಾಸ್‌ವರ್ಡಿಗೆ ಜಾಗವಿದೆ, ಲೆಂಪಿ ಅಜ್ಜಿಯ ನಾಯಿಗೆ ಜಾಗವಿಲ್ಲ. ಗಾರ್ತ್‌ಗೆ ಬೆಳಿಗ್ಗೆ ಕೇಳಿದೆ, ಇನ್ನೊಂದು ಕಾಲಂ ಸೇರಿಸಲಾ, ರೇನೊ ಬರೆದಿದ್ದು ಉಳೀಲಿ ಅಂತ. ಆ ಕಾಡುಹರಟೆ ಎಲ್ಲಾ ಯಾಕಮ್ಮಾ, ಆರು ತಿಂಗಳಿಂದ ಒಂದ್ಸಲಾನೂ ಲಾಗಿನ್ ಆಗದೋರ ಹೆಸ್ರನ್ನೂ ಬಿಟ್ಬಿಡು, ಅಂದ. ಆರು ತಿಂಗಳಿಂದ ಆಗದವನು ಒಬ್ಬನೇ ಒಬ್ಬ. ನಾನೂರ ಹನ್ನೊಂದು ಸಾಲು ಹಾಕಿ ಕೈ ನಿಲ್ಲಿಸಿದೆ, ನಾನೂರ ಹನ್ನೆರಡು ಅವನು, ಕದ್ದು ಹಾಕಿಬಿಡಲೇ, ಗಾರ್ತ್ ಎಲ್ಲಿ ಎಣಿಸುತ್ತಾನೆ — ಆಮೇಲೆ ಎಲ್ಲಿಂದಲೋ ಸಿಟ್ಟು ಒದ್ದುಕೊಂಡು ಬಂತು, ಹೋದವನು ಹೋಗಲಿ, ಹವಾಮಾನ ಬರೆಯುತ್ತಾನಂತೆ ಹವಾಮಾನ, ಹಾಕಲಿಲ್ಲ, ಬೇಕೆಂದೇ ಹಾಕಲಿಲ್ಲ, ಹಾಕದೆ ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವನು ಬೇಕು ನನಗೆ. ಇಷ್ಟು ಹೇಳಿಕೊಳ್ಳಲು ಎಂಟು ವರ್ಷ ಹಿಡಿಯಿತು, ಅದೂ ಬಚ್ಚಲ ಕನ್ನಡಿಗೆ.

ಮೂರೂವರೆ, ಸ್ಕೂಲು ಬಿಟ್ಟಿತು, ಕಪಾಟಿನ ಮೋಡೆಮ್ಮುಗಳು ಕೀಚಲು ದನಿಯಲ್ಲಿ ಶುರುಹಚ್ಚಿದವು, ಸರ್ವರ್ ಯಾರು ಬಂದರೂ ಪರದೆಗೆ ಬರೆಯುವ ಹಾಗೆ ಇಟ್ಟಿದ್ದೇನೆ, ಹೆಸರು, ಎಲ್ಲಿಂದ ಕರೆ ಮಾಡಿದ್ದಾರೋ ಆ ನಂಬರು, ಹೊತ್ತು, ಹೌದು ಅಥವಾ ಇಲ್ಲ, ಹೆಕ್ಕಿಲಾ ಹೌದು, ಲೆಂಪಿ ಹೌದು, ಸೇತುವೆ ಪಕ್ಕದ ಬೇಕರಿ ಹೌದು, ಆಹಾ, ಸೊಗಸಾಗಿ ಓಡುತ್ತಿದೆ, ರೇನೊ ಇಲ್ಲ, ಲೆಂಪಿ ಮತ್ತೆ ಹೌದು, ಅಜ್ಜಿಯ ಲೈನು ಕಟ್ಟಾಗಿರಬೇಕು — ಏನು, ಏನಂದೆ? ಮೇಲೆ ಹೋಗು, ಮೇಲೆ, ರೇನೊ. ಇಲ್ಲ. ಯಾರೋ ಹುಡುಗರು ಹೆಸರು ತಪ್ಪಾಗಿ ಒತ್ತಿರಬೇಕು, ಡುಲೂತಿನಿಂದ ಇಲ್ಲಿಗೆ ಯಾರು ಟ್ರಂಕ್ ಕಾಲ್ ಮಾಡಿ ಇಂಟರ್ನೆಟ್ ನೋಡುತ್ತಾರೆ — ಮತ್ತೆ ಬಂತು, ರೇನೊ, ಇಲ್ಲ, ಮುಂದೆ ನಂಬರು, ಡುಲೂತಿನದಲ್ಲ, ನಮ್ಮೂರಿನದೇ, ಕೊನೆಗೆ ನಾಲ್ಕು ಸೊನ್ನೆ ಏಳು ಏಳು, ಕ್ವಿನ್ಸಿ ಗುಡ್ಡದ ಮೇಲಿನ ಅವನ ಮನೆಯದು, ಬಂದಿದ್ದಾನೆ, ದೇವರೇ, ಊರಿಗೆ ಬಂದಿದ್ದಾನೆ, ಬಂದವನೇ ಕಂಪ್ಯೂಟರ್ ಹಚ್ಚಿ ಇಲ್ಲಿಗೆ ತಟ್ಟುತ್ತಿದ್ದಾನೆ, ನಾನು ಇಲ್ಲ ಎನ್ನುತ್ತಿದ್ದೇನೆ. ರೇನೊ, ಇಲ್ಲ. ಬೇರೆಯವರಾದರೆ ಪಾಸ್‌ವರ್ಡ್ ಮರೆತೆ ಅಂದುಕೊಳ್ಳುತ್ತಾರೆ, ಅವನು ಅಂದುಕೊಳ್ಳುವುದಿಲ್ಲ, ಈ ಫೈಲು ಕಟ್ಟಿದವನು, ಅವನ ಸಾಲು ತೆಗೆಯಬಲ್ಲವಳು ಊರಲ್ಲಿ ಒಬ್ಬಳೇ ಎಂದು ಬಲ್ಲವನು, ಆಗಸ್ಟಿನಲ್ಲಿ ಒಂದು ಇಲ್ಲ, ಈಗ ಮೂರು, ಇವಳು ಅಳಿಸಿಯೇಬಿಟ್ಟಳು ಅಂದುಕೊಂಡು ಚೀಲ ಎತ್ತಿಕೊಂಡು ವಾಪಸ್ ಹೋಗಿಬಿಡುತ್ತಾನೆ, ಸೇರಿಸು, ಸೇರಿಸು, ಬೆರಳೇ ಓಡದು, ಕೋಷ್ಟಕದ ಹೆಸರು ತಪ್ಪು, ಉದ್ಧರಣ ಚಿಹ್ನೆ ತಪ್ಪು, ಥೂ, ಮತ್ತೆ, ಇರ್ಯಾ ಏನಮ್ಮಾ ಅಲ್ಲಿ, ಎಲ್ಲಾ ಸರಿ ಇದೆಯಾ, ಸುಮ್ನಿರು ಗಾರ್ತ್ ಎರಡು ನಿಮಿಷ — ರೇನೊ, ಇಲ್ಲ, ಮೂರು ಐವತ್ತೆರಡು — ಹೋಯಿತು, ಕೂತಿತು, ನಾನೂರ ಹನ್ನೆರಡು ಸಾಲು, ಡೇಟಾಬೇಸಿಗೆ ಹಾಕಿದ್ದು ಹಾಕಿದ ಗಳಿಗೆಯಿಂದಲೇ ನಡೆಯುತ್ತದೆ, ಈಗ ಬಾ, ಇನ್ನೊಂದು ಸಲ ತಟ್ಟು, ಐವತ್ಮೂರು, ಐವತ್ನಾಲ್ಕು, ಬೇಕರಿ ಹೌದು, ಯಾರಾದರೂ ಬರುತ್ತಾರೆ ಅವನೊಬ್ಬನನ್ನು ಬಿಟ್ಟು, ಐವತ್ತಾರು, ತಟ್ಟುವುದಿಲ್ಲ, ಸಾಕಾಯಿತು ಅವನಿಗೆ, ಫೋನು, ಫೋನೆತ್ತು ಇರ್ಯಾ, ನಾಲ್ಕು ಸೊನ್ನೆ ಏಳು ಏಳು, ಈ ನಂಬರಿಗೆ ಕ್ರಿಸ್‌ಮಸ್ಸಿನ ದಿನವೂ ಮಾಡಿದ್ದೆ, ಖಾಲಿ ಮನೆಯಲ್ಲಿ ರಿಂಗಾಗುವುದನ್ನು ಕೇಳಿ ಇಟ್ಟಿದ್ದೆ, ಇವತ್ತು ರಿಂಗಿಲ್ಲ, ಎಂಗೇಜ್, ಟೂಂ ಟೂಂ ಟೂಂ, ಯಾರಿಗೆ ಮಾಡುತ್ತಿದ್ದಾನೆ, ಟ್ಯಾಕ್ಸಿಗಾ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಾನಾ, ಇಲ್ಲಾ ನನಗೇ ಮಾಡುತ್ತಿದ್ದಾನಾ, ನಾನು ಅವನಿಗೆ ಮಾಡುತ್ತಾ ಕೂತು ಅವನಿಗೂ ಎಂಗೇಜ್ ಕೇಳಿಸುತ್ತಿದ್ದೇನಾ, ಇಡಬೇಕು, ಇಟ್ಟರೆ ಬರಬಹುದು, ಕೈ ಬಿಡುತ್ತಿಲ್ಲ, ಬರ್ತೀನಿ ರೇನೊ, ಅಂದೆ, ಆ ಸದ್ದಿಗೇ ಅಂದೆ, ಜೋರಾಗಿ, ಬರ್ತೀನಿ ಕಣೋ, ಟೂಂ ಟೂಂ, ಪರದೆಯ ಮೇಲೆ ಅವನ ಹೆಸರು, ಗುಡ್ಡದ ಮನೆಯ ನಂಬರು, ಮೂರು ಐವತ್ತೆರಡು, ಇಲ್ಲ, ಬರ್ತೀನಿ, ಟೂಂ, ರೇನೊ, ಮೂರು ಐವತ್ತೆರಡು, ಇಲ್ಲ