ಅಗಲವಾದ ಕಾಜಾ

ಗಂಡನ ದರ್ಜಿ ಅಂಗಡಿಯಲ್ಲಿ ನಲವತ್ತು ವರ್ಷ ಕೂತು ನಾನು ಹೊಲಿದ ಕಾಜಾಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ಹೋಗಿ, ಬರುವಾಗ ಬೇರೆ ದಾರಿಯಲ್ಲಿ ಬರಬಹುದು. ಗುಂಡಿ ತೂರುವ ಸೀಳಿಗೆ ನಮ್ಮ ಕಸುಬಿನಲ್ಲಿ ಕಾಜಾ ಎನ್ನುತ್ತಾರೆ. ಅಂಥ ಪಳಗಿದ ಕೈಯಿಂದಲೇ ನಾನು ಮೊಮ್ಮಗಳಿಗೆ ಮೋಸ ಮಾಡಿದೆ.

ಮೊಮ್ಮಗಳಿಗೆ ಆರು ವರ್ಷ. ಗುಬ್ಬಿ ಎಂದು ಕರೆಯುತ್ತೇವೆ. ಬಾಯಿ ಬಿಟ್ಟರೆ ವಕೀಲರು ಎದ್ದು ನಿಲ್ಲಬೇಕು. ಕೈ ಮಾತ್ರ ಅವಳ ಮಾತು ಕೇಳುವುದಿಲ್ಲ. ಚೆಂಡು ಎಸೆದರೆ, ಅದು ಎದೆಗೆ ಬಡಿದ ಮೇಲೆ ಕೈ ಚಾಚುತ್ತಾಳೆ. ಅದಕ್ಕೇ ಸೊಸೆ ಅವಳನ್ನು ಮಕ್ಕಳಿಗೆ ಕಸರತ್ತು ಹೇಳಿಕೊಡುವ ಮೇಡಂ ಹತ್ತಿರ ಕರೆದುಕೊಂಡು ಹೋದಳು. ನಾನೂ ಹೋದೆ. ಬಲ ಮೊಣಕೈಯನ್ನು ಎಡ ಮೊಣಕಾಲಿಗೆ ಮುಟ್ಟಿಸಬೇಕು. ಚೆಂಡು ಮೇಲೆಸೆದು, ಒಂದು ಚಪ್ಪಾಳೆ ತಟ್ಟಿ ಹಿಡಿಯಬೇಕು. ಐದು ಗುಂಡಿಯ ಒಂದು ಬಟ್ಟೆ ಕೊಟ್ಟಿದ್ದರು, ಅದನ್ನು ದಿನಾ ಹಾಕಿ ಬಿಚ್ಚಬೇಕು.

"ಇದು ಬರೀ ಕೈಗಲ್ಲ ಅಜ್ಜಿ, ತಲೆಗೂ ಕಸರತ್ತು. ಮುಂದೇನು ಅಂತ ಅವಳೇ ಯೋಚಿಸ್ಬೇಕು. ನೀವು ಕೈ ಹಾಕ್ಬೇಡಿ," ಎಂದರು ಮೇಡಂ. ಎರಡು ತಿಂಗಳಾದ ಮೇಲೆ ನೋಡಿ, ಓರಗೆಯವರ ಜೊತೆ ಒಂದನೇ ತರಗತಿಗೆ ಕಳಿಸುವುದೋ, ಇನ್ನೊಂದು ವರ್ಷ ಚಿಕ್ಕ ಮಕ್ಕಳ ನಡುವೆ ಕೂರಿಸುವುದೋ ಎಂದು ಶಾಲೆಗೆ ಬರೆದುಕೊಡುತ್ತೇನೆ ಎಂದೂ ಅಂದರು.

ಸೊಸೆ ಬಸ್ ಓಡಿಸುತ್ತಾಳೆ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಕಸರತ್ತು ನನ್ನ ಪಾಲಿಗೆ ಬಂತು.

"ಮೊದಲು ನೀನು ಮಾಡಿ ತೋರ್ಸು," ಎಂದಳು ಗುಬ್ಬಿ.

"ನನ್ನ ಮೊಣಕೈಗೂ ಮೊಣಕಾಲಿಗೂ ಮಾತು ಬಿಟ್ಟು ಇಪ್ಪತ್ತು ವರ್ಷ ಆಯ್ತು ಕಣೆ."

ನಕ್ಕಳು. ಚೆಂಡು ತಲೆಗೆ ಬಿದ್ದಾಗಲೂ ನಕ್ಕಳು. ಗುಂಡಿಯ ಹತ್ತಿರ ಬಂದಾಗ ಆ ನಗು ನಿಂತಿತು. ಗುಂಡಿ ಅಂಚಿನವರೆಗೆ ಬಂದು ಜಾರುತ್ತಿತ್ತು. ಮೂರನೇ ದಿನ ತನ್ನ ಬಲಗೈಗೆ ತಾನೇ ಹೊಡೆದುಕೊಂಡು, "ಇದು ಕೆಟ್ಟ ಕೈ," ಎಂದಳು.

ಮಧ್ಯಾಹ್ನ ಅವಳು ಮಲಗಿದ್ದಾಗ ಬ್ಲೇಡಿನಿಂದ ಐದೂ ಕಾಜಾಗಳನ್ನು ಎರಡು ನೂಲಿನಷ್ಟು, ಅಂದರೆ ಕಾಲು ಅಂಗುಲ, ಸೀಳಿ, ಅಂಚನ್ನು ಮತ್ತೆ ಹೊಲಿದೆ. ಗಂಡ ಹೋಗಿ ಹನ್ನೊಂದು ವರ್ಷವಾಯಿತು. ಅವರೇ ಎದ್ದು ಬಂದರೂ ಗುರುತು ಹಿಡಿಯಲಾರರು.

ಸಂಜೆ ಐದೂ ಗುಂಡಿ ಸರಸರನೆ ಒಳಗೆ ಹೋದವು. ಸೊಸೆ ಚಪ್ಪಲಿ ಕಳಚುವುದನ್ನೂ ಮರೆತು ಬಾಗಿಲಲ್ಲೇ ನಿಂತಳು.

"ಎಲ್ಲಾ ನಿಮ್ಮ ಕೈಗುಣ ಅತ್ತೆ."

ಹತ್ತು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಆಗಲೇ ಹೇಳಬೇಕಿತ್ತು. ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳು ಬಾಯಿ ಬಿಡುತ್ತಾಳೆಯೇ? ಎರಡು ತಿಂಗಳೂ ಸುಮ್ಮನಿದ್ದೆ.

ಮೇಡಂ ನೋಡುವ ದಿನ ಬಂತು. ಸೊಸೆಯೂ ರಜೆ ಹಾಕಿ ಜೊತೆಗೆ ಬಂದಳು. ಗುಬ್ಬಿ ಮೊಣಕಾಲು ಮುಟ್ಟಿದಳು. ಚೆಂಡು ಹಿಡಿದಳು. ನಾನು ಚೀಲದಿಂದ ನಮ್ಮ ಬಟ್ಟೆ ತೆಗೆಯಹೋದರೆ ಮೇಡಂ, "ಅದು ಇರ್ಲಿ," ಎಂದು ತಮ್ಮ ಕಪಾಟಿನಿಂದ ಅಂಥದೇ ಇನ್ನೊಂದು ಕೊಟ್ಟರು. ಗುಬ್ಬಿ ಜಂಬದಿಂದ ನನಗೆ ಕಣ್ಣು ಮಿಟುಕಿಸಿ ಗುಂಡಿ ಹಿಡಿದಳು. ಅದು ಹೋಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಆಗಲೂ ಹೋಗಲಿಲ್ಲ.

"ಮನೇಲಿ ಬರುತ್ತೆ," ಎಂದಳು, ಸಣ್ಣ ದನಿಯಲ್ಲಿ.

"ಅವಸರ ಬೇಡ ಚಿನ್ನಾ," ಎಂದಳು ಸೊಸೆ.

ಗುಬ್ಬಿ ಬಲಗೈಯನ್ನು ಕಣ್ಣ ಮುಂದೆ ಹಿಡಿದು ತಿರುಗಿಸಿ ನೋಡಿದಳು. "ಇದು ಮತ್ತೆ ಕೆಟ್ಟೋಯ್ತು ಅಮ್ಮ."

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ನನ್ನ ಹೆಗಲು ತಾನೇ ಉರಿಯಿತು. ಸುಮ್ಮನಿದ್ದರೂ ನಡೆಯುತ್ತಿತ್ತು. ಹೊಸ ಬಟ್ಟೆ, ಮಗು ಹೆದರಿದೆ ಎಂದು ಎಲ್ಲರೂ ನಂಬುತ್ತಿದ್ದರು. ಗುಬ್ಬಿ ಮಾತ್ರ ತನ್ನ ಕೈಯನ್ನು ಇನ್ನೆಂದೂ ನಂಬುತ್ತಿರಲಿಲ್ಲ.

"ಕೆಟ್ಟಿದ್ದು ನಿನ್ನ ಕೈ ಅಲ್ಲ ಕಂದಾ, ನಂದು," ಎಂದೆ. "ಮನೆ ಬಟ್ಟೇಲಿ ಕಾಜಾ ಅಗಲ ಮಾಡಿದ್ದು ನಾನೇ."

ಮೇಡಂ ನಮ್ಮ ಬಟ್ಟೆ ತೆಗೆದುಕೊಂಡು ಕಾಜಾದೊಳಗೆ ಬೆರಳು ಹಾಕಿ ನೋಡಿದರು. "ಎಷ್ಟು ಚೆನ್ನಾಗಿ ಹೊಲಿದಿದ್ದೀರಿ," ಎಂದರು. ಬೈದಿದ್ದರೆ ವಾಸಿಯಿತ್ತು.

"ಯಾವಾಗಿಂದ ಅತ್ತೆ?"

"ಮೂರನೇ ದಿನದಿಂದ."

"ಡಿಪೋದಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆನಲ್ಲ ನಾನು," ಎಂದಳು ಸೊಸೆ.

ಶಾಲೆ ಶುರುವಾಗಲು ಐದು ವಾರ ಉಳಿದಿತ್ತು. ಮೇಡಂ ನಾಲ್ಕು ವಾರ ಕೊಟ್ಟರು. ಆಗಲೂ ಆಗದಿದ್ದರೆ ಒಂದು ವರ್ಷ ಕಾಯಬೇಕು.

ಈಗ ವಾರಕ್ಕೊಂದು ಹೊಲಿಗೆ ಹಾಕಿ ಕಾಜಾಗಳನ್ನು ಬಿಗಿ ಮಾಡುತ್ತಿದ್ದೇನೆ, ಗುಬ್ಬಿಯ ಕಣ್ಣೆದುರೇ. ಬಟ್ಟೆಯನ್ನು ಅವಳೇ ಹಿಡಿದಿರುತ್ತಾಳೆ. ಇದು ಮೂರನೇ ವಾರ. ಇವತ್ತು ನಾಲ್ಕು ಗುಂಡಿ ಹಾಕಿದಳು, ಐದನೆಯದು ಅರ್ಧ ಹೋಗಿ ನಿಂತಿತು. ತಲೆಯೆತ್ತಿ ನನ್ನ ಕೈ ನೋಡಿದಳು.

"ಅಜ್ಜಿ, ಆ ಕಡೆ ತಿರುಗು."

"ನಾನೇನು ಮಾಡ್ದೆ?"

"ಏನಾದ್ರೂ ಮಾಡ್ತೀಯ."

ಗೋಡೆ ಕಡೆ ತಿರುಗಿದೆ. ನನ್ನ ಹೆಬ್ಬೆರಳೂ ತೋರುಬೆರಳೂ ಗಾಳಿಯಲ್ಲಿ ತಾವಾಗಿಯೇ ಗುಂಡಿ ತೂರಿಸುತ್ತಿದ್ದವು. ಬೆನ್ನ ಹಿಂದೆ ಮಗುವಿನ ಉಸಿರು ಏರುತ್ತಿತ್ತು. ಎರಡೂ ಕೈಗಳನ್ನು ತೊಡೆಯಡಿ ಸೇರಿಸಿ, ಅವುಗಳ ಮೇಲೆ ಕೂತೆ.