ಏರು ಹತ್ತದ ಗಾಡಿ

ಏರಿನ ನಡುವೆ ಎಂಜಿನ್ನಿನ ಸದ್ದು ಕುಗ್ಗಿತು. ಅವಳು ಆ್ಯಕ್ಸಿಲರೇಟರಿನ ಹಿಡಿಯನ್ನು ಕೊನೆಯವರೆಗೂ ದೂಡಿದಳು. ಆ ಪುಟ್ಟ ಟ್ರ್ಯಾಕ್ಟರು ಗೊರಗೊರ ಎಂದಿತೇ ಹೊರತು ರಭಸ ಏರಲಿಲ್ಲ. ಹಿಂದಿನ ಟ್ರೇಲರಿನಲ್ಲಿ ನೀರಿನ ಟ್ಯಾಂಕು ಒಮ್ಮೆ ತುಳುಕಿತು. ಮರುಕ್ಷಣ ಎಂಜಿನ್ ನಿಂತೇಹೋಯಿತು, ಗಾಡಿ ಹಿಂದಕ್ಕೆ ಜಾರತೊಡಗಿತು.

ಎರಡೂ ಕಾಲಿನಿಂದ ಬ್ರೇಕನ್ನು ತುಳಿದು ಹಿಡಿದಳು. ನಾಲ್ಕು ಮಾರು ಜಾರಿದ ಮೇಲೆ ಚಕ್ರಗಳು ನೆಲ ಕಚ್ಚಿದವು. ಎಡಕ್ಕೆ ಗೇಣು ದೂರದಲ್ಲಿ ಚರಂಡಿ. ಎರಡು ತಿಂಗಳ ಹಿಂದೆ ಜೋರಾಗಿ ತಿರುಗಿಸಲು ಹೋಗಿ ಗಾಡಿ ಸಮೇತ ಬಿದ್ದು, ಭುಜದ ಮೂಳೆ ಮುರಿದುಕೊಂಡದ್ದು ಅದೇ ಚರಂಡಿಯಲ್ಲಿ. ಬ್ಯಾಂಡೇಜು ಬಿಚ್ಚಿ ಐದು ದಿನವಾಗಿತ್ತು. ಗಾಡಿ ಹತ್ತಿದ್ದು ಇವತ್ತೇ ಮೊದಲು.

ಬ್ರೇಕಿನ ಪೆಡಲಿಗೆ ಕೊಂಡಿ ಸಿಕ್ಕಿಸಿ ಕೆಳಗಿಳಿದಳು. ಆಮೇಲೆ ಟ್ಯಾಂಕಿನ ನಲ್ಲಿ ತಿರುಗಿಸಿ ಅಷ್ಟೂ ನೀರನ್ನು ದಾರಿಗೇ ಬಿಟ್ಟು, ಭಾರ ಇಳಿಸಿಕೊಂಡು, ಅಂಗುಲ ಅಂಗುಲವಾಗಿ ಗಾಡಿಯನ್ನು ಕೆಳಕ್ಕೆ ತಂದಳು. ಏರಿನ ತುದಿಯಲ್ಲಿದ್ದ ಮೇಲಿನ ತಟ್ಟಿನಲ್ಲಿ ನಿನ್ನೆಯಷ್ಟೇ ನೆಟ್ಟ ನಾನೂರು ಸಸಿಗಳಿದ್ದವು. ಅಲ್ಲಿಗೆ ನೀರಿನ ಪೈಪ್‌ಲೈನ್ ಇಲ್ಲ. ಬಿಸಿಲು ನೆತ್ತಿಗೇರುವ ಮೊದಲು ನೀರು ಕಾಣದಿದ್ದರೆ ಅವುಗಳ ಆಸೆ ಬಿಡಬೇಕಿತ್ತು.

ನರ್ಸರಿಯ ಶೆಡ್ಡಿನ ಎದುರೇ ಮನೆಯ ಜಗಲಿ. ಅಪ್ಪ ಪೇಪರ್ ಹಿಡಿದು ಕುಳಿತಿದ್ದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ತಾನೇ ಬ್ರೇಕ್ ತುಳಿದು ನೋಡದೆ ಒಂದು ಬಸ್ಸನ್ನೂ ಗೇಟು ದಾಟಲು ಬಿಡುತ್ತಿರಲಿಲ್ಲವೆಂದು ಡ್ರೈವರುಗಳೆಲ್ಲ ‘ಬ್ರೇಕ್ ಮೇಷ್ಟ್ರು’ ಎಂದು ಕರೆಯುತ್ತಿದ್ದರು.

“ಏನಾಯ್ತು ಪುಟ್ಟಿ?” ಪುಟ್ಟಿಗೆ ನಲವತ್ತಮೂರು.

“ರೇಸ್ ಆಗ್ತಿಲ್ಲಪ್ಪ. ಸುಮ್ನೆ ನಿಂತಿರುವಾಗ ಓಡುತ್ತೆ, ಎಳೆಯೋಕೆ ದಮ್ಮಿಲ್ಲ.” ಹಿಂದಕ್ಕೆ ಜಾರಿದ ಸಂಗತಿ ಹೇಳಲಿಲ್ಲ. ಹೇಳಿದರೆ ಗಾಡಿಯ ಬೀಗದ ಕೈ ಅವನ ಜೇಬು ಸೇರುತ್ತದೆ.

“ಎರಡು ತಿಂಗಳು ನಿಂತಿದ್ದ ಗಾಡಿ. ಕಾರ್ಬ್ಯುರೇಟರಲ್ಲಿ ಕಸ ಕೂತಿರುತ್ತೆ, ಬಿಚ್ಚಿ ನೋಡು.”

ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಕಳಚಿದಳು. ಪೆಟ್ರೋಲು ಮೊಣಕೈವರೆಗೂ ಹರಿಯಿತು. ಪೆಟ್ರೋಲು ಹಾಯುವ, ಸೂಜಿಯ ಕಣ್ಣಿನಷ್ಟೇ ತೂತಿನ ಜೆಟ್ಟನ್ನು ಆಕಾಶಕ್ಕೆ ಹಿಡಿದು ನೋಡಿದರೆ ಆಚೆಗಿನ ಬೆಳಕು ಸ್ವಚ್ಛವಾಗಿ ಕಾಣುತ್ತಿತ್ತು. ಆದರೂ ಊದಿ, ಒರೆಸಿ, ಜೋಡಿಸಿ ಸ್ಟಾರ್ಟ್ ಮಾಡಿದಳು. ಅದೇ ಗೊರಗೊರ.

“ಫಿಲ್ಟರ್ ನೋಡು,” ಎಂದ ಅಪ್ಪ, ಪೇಪರಿನ ಆಚೆಯಿಂದ.

ಫಿಲ್ಟರ್ ತೆಗೆದಿಟ್ಟು ಓಡಿಸಿದರೂ ಅದೇ ರಾಗ. ಪ್ಲಗ್ಗು ಬಿಚ್ಚಿದಳು. ಅದರ ಮೂತಿಯಲ್ಲಿ ಮಸಿಯೂ ಇಲ್ಲ, ಎಣ್ಣೆಯೂ ಇಲ್ಲ. “ಹಾಗಾದ್ರೆ ಪೆಟ್ರೋಲ್ ಹಳೇದಾಗಿದೆ,” ಎಂದ. ಇದ್ದುದನ್ನೆಲ್ಲ ಕ್ಯಾನಿಗೆ ಬಸಿದು ಹೊಸದು ತುಂಬಿದಳು. “ಸೈಲೆನ್ಸರೊಳಗೆ ಕಣಜ ಗೂಡು ಕಟ್ಟಿರಬಹುದು,” ಎಂದ. ಬಿಸಿ ಆರದ ಸೈಲೆನ್ಸರನ್ನು ಬಿಚ್ಚಲು ಹೋಗಿ ಎರಡು ಬೆರಳು ಸುಟ್ಟುಕೊಂಡಳು. ಒಳಗೆ ಕಣಜವೂ ಇರಲಿಲ್ಲ, ಅದರ ಅಜ್ಜಿಯೂ ಇರಲಿಲ್ಲ.

ಭುಜ ಸೆಳೆಯತೊಡಗಿತ್ತು. ಗಂಟೆ ಹತ್ತೂವರೆ. ಶೆಡ್ಡಿನಿಂದಲೇ ಕತ್ತೆತ್ತಿದರೆ ಮೇಲಿನ ತಟ್ಟಿನ ಅಂಚಿನ ಸಸಿಗಳು ಕಾಣುತ್ತಿದ್ದವು. ಬೆಳಿಗ್ಗೆ ನೆಟ್ಟಗಿದ್ದವು ಈಗ ತಲೆ ಬಗ್ಗಿಸಿದ್ದವು. ಅವಳು ಸ್ಪ್ಯಾನರನ್ನು ನೆಲಕ್ಕೆ ಬಡಿದು ಫೋನ್ ಎತ್ತಿಕೊಂಡಳು. ಹದಿನೈದು ದಿನದ ಹಿಂದೆ ಗಾಡಿಯ ಸರ್ವಿಸ್ ಮಾಡಿದ್ದ ಮೆಕ್ಯಾನಿಕ್ ಅತ್ತಲಿಂದ “ಹೇಳಿ ಅಕ್ಕಾ” ಎಂದದ್ದೇ ತಡ:

“ಏನ್ರೀ ಹೇಳೋದು? ಸರ್ವಿಸ್ ಮಾಡಿದ್ರೋ, ಬಟ್ಟೆಯಲ್ಲಿ ಒರೆಸಿ ಕಳಿಸಿದ್ರೋ?”

“ಅಕ್ಕಾ, ನಾನು ಬಿಡುವಾಗ ಚಾಕು ಥರ ಇತ್ತು. ಅಪ್ಪಾವ್ರ ಎದುರಿಗೇ ಫುಲ್ ರೇಸ್ ಮಾಡಿ ತೋರಿಸಿದ್ದೀನಿ.”

“ಹೌದಾ? ಹಾಗಾದ್ರೆ ನನ್ನ ಮುಖ ನೋಡಿ ನಿಂತುಹೋಯ್ತಾ? ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನಿ, ಕಲಿತು ಬನ್ನಿ. ಇನ್ಮೇಲೆ ಈ ಕಡೆ ತಲೆ ಹಾಕ್ಬೇಡಿ!”

ಫೋನಿಟ್ಟಳು. ಜಗಲಿಯಲ್ಲಿ ಪೇಪರು ತುಸು ಅಲುಗಿತು. “ಪಾಪ, ಅವನಿಗ್ಯಾಕೆ ಅಷ್ಟು ಬೈದೆ?” ಎಂದ ಅಪ್ಪ. “ಬಿಡು, ಇವತ್ತು ಹಾಳಾಗಲಿ. ಆ ಏರಿಗೆ ಗಾಡಿ ಬೇಕಾ? ನಾಳೆ ಇಬ್ಬರು ಆಳು ಹೇಳಿ ಕೊಡದಲ್ಲಿ ಹೊರೆಸೋಣ.”

“ನಾಳೆ ಏನಕ್ಕೆ ಹೊರೆಸ್ತೀಯಪ್ಪ? ಸೌದೆಗೆ ನೀರು ಹಾಕೋಕಾ?”

ಮತ್ತೆ ಎಂಜಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಈ ಸಲ ಯಾರ ಮಾತೂ ಬೇಡವೆಂದುಕೊಂಡು, ಕೈಹಿಡಿಯಿಂದಲೇ ಶುರುಮಾಡಿದಳು. ಹಿಡಿ ದೂಡಿದರೆ ಕೇಬಲ್ ಎಳೆಯುತ್ತಿತ್ತು. ಕೇಬಲ್ ಎಳೆದರೆ ತುದಿಯ ಸ್ಪ್ರಿಂಗು ಹಿಗ್ಗುತ್ತಿತ್ತು. ಸ್ಪ್ರಿಂಗು ಎಳೆಯಬೇಕಾದದ್ದು ಗವರ್ನರಿನ ತೋಳನ್ನು. ಭಾರ ಬಿದ್ದಾಗ ಕಾರ್ಬ್ಯುರೇಟರಿನ ಬಾಯಿ ತೆರೆದು ಎಂಜಿನ್ನಿಗೆ ಬಲ ಕೊಡುವುದು ಅದೇ. ಸ್ಪ್ರಿಂಗು ಹಿಗ್ಗುತ್ತಿತ್ತು, ತೋಳು ಮಾತ್ರ ಮಿಸುಕುತ್ತಿರಲಿಲ್ಲ. ತೋಳಿನ ಬುಡ ತಗಡಿನ ಮುಚ್ಚಳದೊಳಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು.

ತೋಳಿಗೂ ಪಕ್ಕದ ಬೋಲ್ಟಿಗೂ ಸೇರಿಸಿ ತಂತಿ ಬಿಗಿದಿತ್ತು. ಹೊಚ್ಚ ಹೊಸ ತಂತಿ. ಎರಡು ಎಳೆ ಜೋಡಿಸಿ, ಒಂದೇ ಅಳತೆಗೆ ಹೆಣೆದು, ಕೈಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಿಸಲಾಗಿತ್ತು. ಹಾಗೆ ತುದಿ ಮಡಿಸುವುದನ್ನು ಅವಳಿಗೆ ಹತ್ತನೆಯ ವಯಸ್ಸಿನಲ್ಲಿ ಕಲಿಸಿದ್ದವನು ಹನ್ನೆರಡು ಅಡಿ ದೂರದಲ್ಲಿ ಪೇಪರ್ ಓದುತ್ತಿದ್ದ.

ಎದ್ದು ಹೋಗಿ ಪೇಪರನ್ನು ಅಪ್ಪನ ಕೈಯಿಂದ ಕಿತ್ತಳು.

“ನೀವೇ ಕಟ್ಟಿದ್ದಾ?” ಕೋಪ ಬಂದಾಗ ಮಾತ್ರ ಅಪ್ಪನಿಗೆ ಬಹುವಚನ.

ಅವನು ಕನ್ನಡಕ ತೆಗೆದ. “ಕೂತ್ಕೋ ಪುಟ್ಟಿ...”

“ಮೂರು ಗಂಟೆ ಹೊತ್ತು! ಜೆಟ್ ನೋಡು, ಪ್ಲಗ್ ನೋಡು, ಕಣಜ ನೋಡು. ಕೈ ಸುಟ್ಕೊಂಡೆ, ಆಗಲೂ ಬಾಯಿ ಬಿಡಲಿಲ್ಲ. ಆ ಮನುಷ್ಯನಿಗೆ ಬಾಯಿಗೆ ಬಂದ ಹಾಗೆ ಬೈದೆ, ಕೇಳಿಸ್ಕೊಂಡು ಕೂತಿದ್ರಿ. ಪಾಪ ಅಂತೆ, ಪಾಪ!”

“ಅವತ್ತು ಚರಂಡಿಯಿಂದ ನಿನ್ನ ಎಳೆದವನು ನಾನು. ಗಾಡಿ ನಿನ್ನ ಎದೆ ಮೇಲೆ ಬರೋಕೆ ಗೇಣು ಬಾಕಿ ಇತ್ತು. ನಿನಗೆ ಅದು ನೆನಪಿಲ್ಲ, ಪ್ರಜ್ಞೆ ಇರಲಿಲ್ಲ. ನನಗೆ ಇತ್ತು.”

“ಹೇಳಬಹುದಿತ್ತಲ್ಲ?”

“ಹೇಳಿದ್ರೆ ಕೇಳ್ತಿದ್ಯಾ?”

“ಕೇಳ್ತಿರಲಿಲ್ಲ! ಜಗಳ ಆಡ್ತಿದ್ದೆ. ಆಡೋಕೆ ಬಿಡಬೇಕಿತ್ತು. ಕದ್ದು ತಂತಿ ಕಟ್ಟೋದಕ್ಕೆ ನಾನೇನು ನಿಮ್ಮ ಡಿಪೋದ ಬಸ್ಸಾ?”

“ನಿಧಾನ ಹೋದ್ರೆ ಏನೂ ಆಗಲ್ಲ ಅಂತ...”

“ಏನೂ ಆಗಲ್ವಾ?” ಅವಳು ಏರಿನತ್ತ ಕೈ ಮಾಡಿದಳು. “ಬೆಳಿಗ್ಗೆ ಅರ್ಧ ದಾರಿಯಲ್ಲಿ ದಮ್ಮು ಸಾಲದೆ ಎಂಜಿನ್ ಆಫ್ ಆಯ್ತು. ತುಂಬಿದ ಟ್ಯಾಂಕ್ ಸಮೇತ ಹಿಂದಕ್ಕೆ ಜಾರಿದೆ. ನಾಲ್ಕು ಮಾರು. ಅದೇ ಚರಂಡಿ ಪಕ್ಕ.”

ಅಪ್ಪ ಏರಿನತ್ತ ತಿರುಗಿ ನೋಡಿದ. “ಹೇಳಲೇ ಇಲ್ಲ ನೀನು,” ಎಂದ.

ತಾನೂ ಮುಚ್ಚಿಟ್ಟದ್ದು ನಿಜವಾದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಫೋನನ್ನು ಅವನ ತೊಡೆಯ ಮೇಲಿಟ್ಟಳು. “ಮೊದಲು ಆ ಮೆಕ್ಯಾನಿಕ್ಕಿಗೆ ಹೇಳಿ. ನಿಮ್ಮ ಬಾಯಿಂದಲೇ.”

ಡಿಪೋದಲ್ಲಿ ಸಾಹೇಬರಿಗೂ ತಲೆ ಬಾಗದಿದ್ದವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ನಾನಪ್ಪ... ನಿನ್ನ ಕೆಲಸ ಸರಿ ಇತ್ತು. ತಂತಿ ಕಟ್ಟಿದ್ದು ನಾನು. ಹೌದು, ನಾನೇ. ಇಲ್ಲ, ನಗಬೇಡ. ಅವಳೂ ಕ್ಷಮೆ ಕೇಳ್ತಾಳೆ.”

“ನಾನು ಆಮೇಲೆ ಕೇಳ್ತೀನಿ, ಅದು ನನ್ನ ಪಾಡು,” ಎಂದಳು. “ಈಗ ಬಿಚ್ಚಿ. ಕಟ್ಟಿದವರೇ ಬಿಚ್ಚಬೇಕು.”

ಅವನು ಬಂದು ಗಾಡಿಯ ಪಕ್ಕ ಮಂಡಿಯೂರಿದ. ಯಾವ ದಿನ ಕಟ್ಟಿದ್ದನೋ, ಎಷ್ಟು ಹೊತ್ತು ತೆಗೆದುಕೊಂಡಿದ್ದನೋ. ಈಗ ಒಳಕ್ಕೆ ಮಡಿಸಿದ ತುದಿ ಇಕ್ಕಳಕ್ಕೆ ಸಿಗುತ್ತಿರಲಿಲ್ಲ. ಎರಡು ಸಲ ಇಕ್ಕಳ ಜಾರಿತು. ಅವಳು ಕೈಕಟ್ಟಿ ನಿಂತಿದ್ದಳು. ಕತ್ತರಿಸಿದರೆ ಒಂದು ಕ್ಷಣದ ಕೆಲಸ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಕತ್ತರಿಸಲಿಲ್ಲ, ಅವಳು ಹೇಳಲಿಲ್ಲ. ಒಂದೊಂದೇ ಸುತ್ತು ಬಿಡಿಸಿ, ಕೊನೆಗೆ ತಂತಿಯನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

ಸ್ಟಾರ್ಟ್ ಮಾಡಿ ಹಿಡಿ ದೂಡಿದಳು. ಶೆಡ್ಡಿನ ತಗಡು ಅದುರುವಂತೆ ಎಂಜಿನ್ ಕೂಗಿತು. ಅಪ್ಪ ಕಣ್ಣು ಮುಚ್ಚಿಕೊಂಡ.

ಟ್ಯಾಂಕು ತುಂಬಿಸಿ ಏರು ಹಿಡಿದಾಗ ಅವಳು ಹಿಂದಿರುಗಿ ನೋಡಲಿಲ್ಲ. ಗಾಡಿ ಜಾರಿದ ಗುರುತು ದಾಟಿತು, ಅವತ್ತು ಬಿದ್ದ ತಿರುವು ದಾಟಿತು. ಅಲ್ಲಿ ಮಾತ್ರ ತಾನಾಗಿಯೇ ವೇಗ ಇಳಿಸಿದಳು. ಇಳಿಸಿದ್ದಕ್ಕೂ ಅಪ್ಪನ ಮೇಲೆಯೇ ಕೋಪ ಬಂತು. ಮೇಲೆ ತಲುಪಿ ನಲ್ಲಿ ಬಿಟ್ಟು ಪೈಪನ್ನು ಮೊದಲ ಸಾಲಿಗೆ ಹಿಡಿದಳು. ಅಂಚಿನ ಒಂದಿಷ್ಟು ಸಸಿಗಳು ಸುಟ್ಟೇಹೋಗಿದ್ದವು. ಉಳಿದವು ಉಳಿಯಬಹುದು.

ನಾಲ್ಕನೆಯ ಸಾಲಿಗೆ ಬರುವಾಗ ಹೆಜ್ಜೆ ಸಪ್ಪಳ ಕೇಳಿಸಿತು. ಅಪ್ಪ ಏದುಸಿರು ಬಿಡುತ್ತ ಏರು ಹತ್ತಿ ಬಂದಿದ್ದ. ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದ ಒಂದು ದಪ್ಪ ಕಲ್ಲು. ಅವನು ಅವಳತ್ತ ನೋಡದೆ ಟ್ರೇಲರಿನ ಹಿಂದೆ ಬಗ್ಗಿ, ಕಲ್ಲನ್ನು ಚಕ್ರಕ್ಕೆ ಒತ್ತುಕೊಟ್ಟು, ಕಾಲಿನಿಂದ ಎರಡು ಸಲ ಒದ್ದು ಭದ್ರಮಾಡಿದ. ಆಮೇಲೆ ಅಲ್ಲೇ ನಿಂತ.

ಅವಳು ಪೈಪು ಹಿಡಿದು ಐದನೆಯ ಸಾಲಿಗೆ ದಾಟಿದಳು. ಒಣಮಣ್ಣು ಚುರ್ರೆಂದು ನೀರು ಕುಡಿಯುತ್ತಿತ್ತು.