ಹಲಗೆಯ ಬಿರುಕು

ಉಗುರು ಬಿರುಕಿನೊಳಗೆ ಇಳಿಯಿತು, ಮೆತ್ತಗೆ ಏನೋ ಬಂತು, ನಾಲ್ಕು ವರ್ಷದ ಧೂಳು, ಬೀಡಿಯ ಬೂದಿ, ಇಷ್ಟು ಆಳ ಇದ್ದೀತು ಅಂತ ವಾಸಪ್ಪ ಎಣಿಸಿರಲಿಲ್ಲ — ಸ್ಟೇರಿಂಗಿನ ಪಕ್ಕದಿಂದ ಎಡಬಾಗಿಲಿನವರೆಗೆ ಡ್ಯಾಶ್‌ಬೋರ್ಡಿನ ಹಲಗೆ ಉದ್ದಕ್ಕೂ ಸೀಳಿದೆ, ಸೊಂಟ ನೋಯುತ್ತದೆ, ರಿಪ್ಪನ್‌ಪೇಟೆಯ ಬಿಸಿಲು ಗಾಜು ತೂರಿ ನೇರ ತೊಡೆಯ ಮೇಲೆ, ಹನ್ನೆರಡು ವರ್ಷ ಇದೇ ಸೀಟು, ಇದೇ ನೋವು. ಬಿರುಕು ಕಾಣಬಾರ್ದು ಕಣೋ, ನಾಳೆ ತೀರ್ಥಹಳ್ಳಿಯೋರು ಲಾರಿ ನೋಡಕ್ಕೆ ಬರ್ತಾರೆ, ಅಂದಿದ್ದರು ಸಾಹುಕಾರ ಗಣೇಶಮೂರ್ತಿ, ಹೊಸ ಹಲಗೆ ಹಾಕ್ಸಿ ಸಾಹುಕಾರ್ರೆ ಅಂದರೆ, ಮಾರೋ ಗಾಡಿಗೆ ಎಂಥಾ ಹೊಸ ಹಲಗೆ ಮಾರಾಯ, ತುಂಬಿ ಬಣ್ಣ ಬಳಿ. ಸರಿ, ತುಂಬುವುದು, ಕಾಯಿಸಿದ ಅಂಟಿಗೆ ಮರದ ಹೊಟ್ಟು ಕಲಸಿ ಬೆರಳಲ್ಲಿ ಒತ್ತುವುದು, ಒತ್ತಿದಷ್ಟೂ ನುಂಗುತ್ತದೆ, ಹಳೇ ಮರ, ಬಿಸಿಲಿಗೆ ಬಿರುಕು ಬಿಟ್ಟಿರಬೇಕು ಅಂತ ಸಾಹುಕಾರರೇ ಹೇಳಿಕೊಂಡರು, ಇವನು ಹೂಂ ಅಂದ, ಹೂಂ ಅನ್ನುವುದು ಸುಲಭ. ಬಿಸಿಲಿಗಲ್ಲ, ಬೆಳ್ಳಪ್ಪ ಭಾವ ಗುದ್ದಿದ್ದು, ದುಗ್ಗಕ್ಕನ ಗಂಡ, ದನಕ್ಕೂ ಜೋರು ಮಾಡಿ ಗೊತ್ತಿಲ್ಲದ ಮನುಷ್ಯ. ಅರವತ್ನಾಲ್ಕರ ಮಳೆಗಾಲ, ಅಣೆಕಟ್ಟಿನ ನೀರು ಏರುತ್ತಿದೆ, ಊರು ಬಿಡಿ ಅಂದಾಗ ಅಕ್ಕನ ಮನೆ ಸಾಗಿಸಿದ್ದು ಈ ಲಾರಿಯಲ್ಲೇ, ಹಂಚು, ಬಾಗಿಲು, ಒರಳುಕಲ್ಲು, ಸಾಗರ ದಾಟಿ ಹೊಸನಗರದ ಕಡೆಯ ಕಾಡಿಗೆ, ಎರಡು ದಿನದಲ್ಲಿ ಮೂರು ಟ್ರಿಪ್ಪು, ನಿದ್ದೆಗೆ ಕಣ್ಣು ಎಳೆಯುತ್ತಿದ್ದವು — ಕೊನೆಗೆ ಉಳಿದದ್ದು ಕೆಂಪಿ ಹಸು ಒಂದೇ, ಹಿಂದಿನ ದಿನ ಕರು ಹಾಕಿದ್ದು, ನಡೆಸಿಕೊಂಡು ಹೋಗುವ ಹಾಗಿಲ್ಲ. ಇದನ್ನೂ ಹತ್ತಿಸ್ಬಿಡನ ವಾಸಪ್ಪ ಅಂದ ಭಾವ. ಜಾಗ ಮಾಡಬಹುದಿತ್ತು, ಹಂಚು ಇಳಿಸಿದ್ದರೆ ಆಗುತ್ತಿತ್ತು, ಕೈ ಏಳಲಿಲ್ಲ, ನಾಳೆ ಬೆಳಿಗ್ಗೆ ಬಂದ್ರಾತು ಭಾವ, ನೀರು ಇನ್ನೂ ಗದ್ದೆ ಕೆಳಗೈತೆ. ಹಂಗಾರೆ ಬಿಟ್ಟೇ ಹೋಗನ, ಕಟ್ಟದು ಬ್ಯಾಡ. ಬಿಟ್ರೆ ಲಾರಿ ಹಿಂದೇ ಓಡಿ ಬತ್ತದೆ ಭಾವ, ಕರು ಸಾಯ್ತದೆ. ಅಂದವನೂ ಇವನೇ, ಹಗ್ಗ ಹಿಡಿದು ಕೊಟ್ಟಿಗೆಗೆ ಹೋದವನೂ ಇವನೇ.

ರಾತ್ರಿಯಿಡೀ ಮಳೆ ಹೊಯ್ದು ಬೆಳಿಗ್ಗೆ ರಸ್ತೆ ನೀರೊಳಗೆ ಇಳಿದು ಹೋಗಿತ್ತು, ಬ್ರೇಕು ಒತ್ತಿದ, ದೋಣಿ ಇಲ್ಲ, ಜನ ಇಲ್ಲ, ದೂರದಲ್ಲಿ ಕೊಟ್ಟಿಗೆಯ ಹುಲ್ಲುಮಾಡು ಮಾತ್ರ ಬಣವೆಯೊಂದು ತೇಲಿದಂತೆ, ಕೂಗು ಕೂಡ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತೇನೋ, ಪಕ್ಕದಲ್ಲಿ ಕೂತಿದ್ದ ಭಾವ ಬೈಯಲಿಲ್ಲ, ಇವನ ಮುಖ ನೋಡಲಿಲ್ಲ, ಹಲಗೆಗೆ ಒಂದೇ ಒಂದು ಗುದ್ದು, ಬೆರಳಗಂಟಿನಿಂದ ರಕ್ತ. ಹಗ್ಗ ಇಲ್ದಿದ್ರೆ ಈಜ್ತಿತ್ತು ಕಣೋ — ಅಷ್ಟೇ, ಮತ್ತೆ ಆ ಮಾತಿಲ್ಲ, ಹಬ್ಬಕ್ಕೆ ಕರೆಯುತ್ತಾನೆ, ಎಲೆ ಮುಂದೆ ಕೂರಿಸಿ ಬಡಿಸುತ್ತಾನೆ, ಪೇಟೆಗೆ ಬರುವಾಗ ಮಾತ್ರ ಲಾರಿಯ ಹಿಂದೆ ಚೀಲದ ಮೇಲೆ, ಮಳೆ ಬಂದರೂ ಅಲ್ಲೇ, ಒಳಗೆ ಬಾ ಭಾವ ಅಂದರೆ, ಇಲ್ಲೇ ಗಾಳಿ ಐತೆ. ಅಂಟು ಒಣಗಿದೆ, ಉಪ್ಪುಕಾಗದ ಹಾಕಿ ಉಜ್ಜಿದ್ದಾಯಿತು, ಬಣ್ಣ ಬಳಿದದ್ದಾಯಿತು, ಸಾಹುಕಾರರು ಬಾಗಿಲಲ್ಲಿ ತಲೆ ಹಾಕಿ, ಎಲ್ಲೈತೋ ಬಿರುಕು, ನಂಗೇ ಕಾಣ್ತಿಲ್ಲ, ಭೇಷ್, ಇಳಿದು ಊಟ ಮಾಡು ಹೋಗು. ಹೋದರು. ಇಳಿಯಬೇಕು, ಕಾಲು ಬರುತ್ತಿಲ್ಲ, ಹಲಗೆ ನುಣ್ಣಗೆ ಹೊಳೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ನಾಳೆಯಿಂದ ಇನ್ಯಾರೋ ಇಲ್ಲಿ ಕೂರುತ್ತಾರೆ, ಒಳ್ಳೆಯದೇ — ಆವತ್ತು ಕೊಟ್ಟಿಗೆಯ ಗೂಟಕ್ಕೆ ಬಗ್ಗಿ ಹಗ್ಗ ಒಂದು ಸುತ್ತು ಹಾಕಿದ, ಎರಡನೇ ಸುತ್ತು, ಕೆಂಪಿ ಕತ್ತು ನೀಡಿ ಅವನ ಮುಂಗೈ ನೆಕ್ಕಿತು, ಬಿಸಿ, ಒರಟು ನಾಲಗೆ, ತಡಿಯೇ ಮಾರಾಯ್ತಿ ಅಂದ, ಹಗ್ಗ ಬಿಗಿದ, ನೆಕ್ಕಿತು, ಇನ್ನೊಂದು ಗಂಟು ಹಾಕಿದ, ನೆಕ್ಕುತ್ತಲೇ ಇದೆ, ಆ ಕೈಯನ್ನೇ.